ದೋಹಾದವರೆಗೆ ಹೋದ ಬೆಂಗಳೂರು: 2016ರ ಎಎಫ್‌ಸಿ ಕಪ್ ಕಥೆ

2016ರ ಸೆಪ್ಟೆಂಬರ್ 12, ಸೋಮವಾರ. ಕಾವೇರಿ ನೀರಿನ ವಿಷಯದಲ್ಲಿ ಸುಪ್ರೀಂ ಕೋರ್ಟು ತನ್ನ ಹಿಂದಿನ ಆದೇಶ ತಿದ್ದಿತು. ತಮಿಳುನಾಡಿಗೆ ಹದಿನೈದು ಸಾವಿರ ಕ್ಯುಸೆಕ್ ಬೇಡ, 12 ಸಾವಿರ ಬಿಡಿ, ಆದರೆ 20ನೇ ತಾರೀಖಿನವರೆಗೂ ಬಿಡಿ ಎಂದಿತು. ಮಧ್ಯಾಹ್ನ ಕಳೆಯುವುದರೊಳಗೆ ಬೆಂಗಳೂರಿನಲ್ಲಿ ತಮಿಳುನಾಡಿನ ನಂಬರಿದ್ದ ಲಾರಿಗಳು ಉರಿಯುತ್ತಿದ್ದವು. ಒಂದು ಡಿಪೋದಲ್ಲಿ ಸಾಲಾಗಿ ನಿಂತಿದ್ದ ಬಸ್ಸುಗಳು ಸುಟ್ಟು ಬರೀ ಕಬ್ಬಿಣದ ಚೌಕಟ್ಟುಗಳಾದವು. ರಾತ್ರಿಗೆ ಹಲವು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ.

ಅದಾಗಿ ಎರಡೇ ದಿನಕ್ಕೆ, ಬುಧವಾರ, ಅದೇ ಊರಿನ ಕಂಠೀರವ ಕ್ರೀಡಾಂಗಣದಲ್ಲಿ ಹೊನಲು ಬೆಳಕಿನ ದೀಪ ಹತ್ತಿತು. ಬೆಂಗಳೂರು ಎಫ್‌ಸಿ ಎದುರಿಗೆ ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್. ಏಷ್ಯಾದ ಫುಟ್‌ಬಾಲ್ ಕ್ಲಬ್ಬುಗಳು ಆಡುತ್ತಿದ್ದ ಎಎಫ್‌ಸಿ ಕಪ್ಪಿನ ಕ್ವಾರ್ಟರ್ ಫೈನಲ್, ಮೊದಲ ಲೆಗ್. ಏಳನೇ ನಿಮಿಷದಲ್ಲಿ ಕಣ್ಣೂರಿನ ಹುಡುಗ ಸಿ.ಕೆ. ವಿನೀತ್ ಗೋಲು ಹೊಡೆದ. ಮುಂದೆ ಗೋಲಾಗಲಿಲ್ಲ. ವಾರದ ಮೇಲೆ ಸಿಂಗಪುರದಲ್ಲಿ ನಡೆದ ಎರಡನೇ ಲೆಗ್‌ನಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಆ ಒಂದೇ ಗೋಲಿನ ಬಲದ ಮೇಲೆ ಮೂರು ವರ್ಷದ ಕ್ಲಬ್ಬೊಂದು ಏಷ್ಯಾದ ಸೆಮಿಫೈನಲ್ ಮುಟ್ಟಿತು.

ನಮ್ಮ ಧಾರವಾಡ ಜಿಲ್ಲೆಯ ಯರಗುಪ್ಪಿ, ಕುಂದಗೋಳದ ಕಡೆ ಇದು ಸುದ್ದಿಯೇ ಆಗಲಿಲ್ಲ ಎಂದರೆ ಆಶ್ಚರ್ಯವೇನಿಲ್ಲ. ಆ ವರ್ಷ ನಮಗೂ ನೀರಿನದೇ ಚಿಂತೆ, ಆದರೆ ಬೇರೆ ನೀರಿನದು. ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ಕಳಸಾ–ಬಂಡೂರಿಗಾಗಿ ಕೇಳಿದ್ದ 7.56 ಟಿಎಂಸಿ ಇಲ್ಲವೆಂದಾಯಿತು. ಮರುದಿನ ನವಲಗುಂದದಲ್ಲಿ ಸರ್ಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು, ಯಮನೂರಿನಲ್ಲಿ ಪೊಲೀಸರ ಲಾಠಿ ಏಟು ಇಡೀ ನಾಡಿಗೆ ಕೇಳಿಸಿತು. ಮುಂಗಾರು ಕೈಕೊಟ್ಟಿತ್ತು. ಕಟ್ಟೆಯ ಮೇಲೆ ಕುಳಿತವರು ಟ್ಯಾಂಪಿನೀಸ್ ರೋವರ್ಸ್ ಬಗ್ಗೆ ಮಾತಾಡುವ ಕಾಲವೇ ಅಲ್ಲ. ಮೇಲಾಗಿ ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಮೆಟ್ಟಿದ ಚಪ್ಪಲಿಯನ್ನೇ ಬಿಟ್ಟುಕೊಡುವುದಿಲ್ಲ, ಇನ್ನು ಚೆಂಡು ಉರುಳುವುದೆಲ್ಲಿ ಬಂತು? ಕುಸ್ತಿಗೆ ಮಟ್ಟಿ ಹದಮಾಡಿದರು, ಕಬಡ್ಡಿ ಖೋಖೋಗೆ ಶಾಲೆಯ ಅಂಗಳ ಸಾಕಾಯಿತು. ಫುಟ್‌ಬಾಲ್ ಮಾತ್ರ ಹೊರಗಿನ ನೆಂಟನಾಗಿಯೇ ಉಳಿಯಿತು.

ಬೆಂಗಳೂರಿನ ಮಾತು ಬೇರೆ. ಅಲ್ಲಿ ಫುಟ್‌ಬಾಲ್ ದಂಡಿನ ಜೊತೆ ಬಂದು ದಂಡು ಪ್ರದೇಶದ ಓಣಿಗಳಲ್ಲಿ ಉಳಿಯಿತು. ಆಸ್ಟಿನ್ ಟೌನ್, ಹಲಸೂರಿನ ಬಳಿಯ ಗೌತಮಪುರ ಇಂಥ ಕಡೆ ಅದು ಬಡವರ ಆಟ. ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಮೂರ್ತಿ ನಿಂತಿದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ಬ್ರಿಟಿಷ್ ರೆಜಿಮೆಂಟುಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ಪನ್ನು ಎತ್ತಿಕೊಂಡು ಬಂತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತಾಗ ನಮ್ಮ ಕಡೆಯ ಆ ಒಂದು ಗೋಲು ಹೊಡೆದವನು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಅದು ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ನಲ್ಲಿ ಪಂಚಪಾಂಡವರೆಂದು ಹೆಸರಾದ ಐವರಲ್ಲಿ ಒಬ್ಬನಾದ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು. ನಾಲ್ಕನೆಯದು 1968–69ರಲ್ಲಿ. ಆಮೇಲೆ ಐವತ್ತು ವರ್ಷ ದಾಟಿದ ಬರ.

ಆ ಬರದ ಕಾಲದಲ್ಲಿ ಬೆಂಗಳೂರಿನ ಫುಟ್‌ಬಾಲನ್ನು ಬದುಕಿಸಿಟ್ಟವು ಕಾರ್ಖಾನೆಗಳು: ಎಚ್‌ಎಎಲ್, ಐಟಿಐ. ಆಟಗಾರನಿಗೆ ನೌಕರಿ, ಸಂಜೆಗೆ ಅಭ್ಯಾಸ, ಕೊನೆಗೊಂದು ಪಿಂಚಣಿ. ಕ್ರಮೇಣ ಆ ವ್ಯವಸ್ಥೆಯೂ ಸೊರಗಿತು. 2012ರ ಹೊತ್ತಿಗೆ ಎಚ್‌ಎಎಲ್ ಕೂಡ ಐ–ಲೀಗಿನಿಂದ ಹೊರಬಿತ್ತು. ರಾಷ್ಟ್ರಮಟ್ಟದ ದೊಡ್ಡ ಲೀಗಿನಲ್ಲಿ ಕರ್ನಾಟಕದ ತಂಡವೇ ಇಲ್ಲದಂತಾಯಿತು.

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಕಂಪನಿ ಬೆಂಗಳೂರು ಎಫ್‌ಸಿ ಕಟ್ಟಿದ್ದು ಈ ಖಾಲಿ ಜಾಗದಲ್ಲಿ. ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಅಣ್ಣಿಗೇರಿ, ಗದಗ, ಕೊಪ್ಪಳ, ಹೊಸಪೇಟೆ ದಾಟಿದರೆ ತೋರಣಗಲ್ಲು. ಅಲ್ಲಿ ಕುಲುಮೆಯ ಹೊಗೆ ಕಾಣುತ್ತದಲ್ಲ, ಅದೇ ಕಂಪನಿ. ಕಂಠೀರವದಲ್ಲಿ ಉರುಳಿದ ಚೆಂಡಿನ ಹಿಂದೆ ಬಳ್ಳಾರಿಯ ಕಬ್ಬಿಣ ಇತ್ತು ಎನ್ನುವುದನ್ನು ಬೆಂಗಳೂರಿನ ವರದಿಗಾರರು ಅಷ್ಟಾಗಿ ಬರೆಯಲಿಲ್ಲ. ನಾವು ಉತ್ತರ ಕರ್ನಾಟಕದವರು ನೆನಪಿಡಬೇಕಾದ ಮಾತದು.

ತರಬೇತುದಾರನಾಗಿ ಬಂದವನು ಆಶ್ಲಿ ವೆಸ್ಟ್‌ವುಡ್, ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದ ಇಂಗ್ಲೆಂಡಿನವ. ನಾಯಕ ಸುನಿಲ್ ಚೆಟ್ರಿ. ವೆಸ್ಟ್‌ವುಡ್ ಮೊದಲು ಕೈಹಾಕಿದ್ದು ಚೆಂಡಿಗಲ್ಲ, ತಟ್ಟೆಗೆ. ಏನು ತಿನ್ನಬೇಕು, ಎಷ್ಟು ನಿದ್ದೆ ಮಾಡಬೇಕು, ಎಷ್ಟು ಓಡಬೇಕು ಎಲ್ಲಕ್ಕೂ ಲೆಕ್ಕ. ಭಾರತದ ಕ್ಲಬ್ಬುಗಳಲ್ಲಿ ಆಟಗಾರರು ಅಭ್ಯಾಸ ಮುಗಿಸಿ ಮನೆಗೆ ಹೋಗಿ ಮೃಷ್ಟಾನ್ನ ಉಣ್ಣುವುದು ರೂಢಿಯಾಗಿದ್ದ ಕಾಲ ಅದು. ಫಲ ಬೇಗ ಸಿಕ್ಕಿತು. 2013ರ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ವಿರುದ್ಧ 1–1ರಿಂದ ಶುರುವಾದ ಮೊದಲ ಐ–ಲೀಗ್ ಋತು 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸುವುದರೊಂದಿಗೆ ಚಾಂಪಿಯನ್ ಪಟ್ಟದಲ್ಲಿ ಮುಗಿಯಿತು. ಹುಟ್ಟಿದ ವರ್ಷವೇ ಲೀಗ್ ಗೆದ್ದ ಕೂಸು.

ಲೀಗ್ ಗೆದ್ದವರಿಗೆ ಏಷ್ಯಾದ ಬಾಗಿಲು ತೆರೆಯುತ್ತದೆ. ಆ ಬಾಗಿಲಲ್ಲಿ ಮೊದಲ ದಿನವೇ ಅಡ್ಡ ನಿಂತದ್ದು ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಜೊಹೊರ್ ರಾಜಮನೆತನದ ಯುವರಾಜನೇ ಮುಂದೆ ನಿಂತು ಹಣ ಸುರಿದು ಬೆಳೆಸಿದ ಕ್ಲಬ್ಬು. 2015ರ ಫೆಬ್ರವರಿಯಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗಿನ ಅರ್ಹತಾ ಪಂದ್ಯಕ್ಕೆ ಬೆಂಗಳೂರು ತಂಡ ಅವರ ಊರಿಗೇ ಹೋಯಿತು. ಹೆಚ್ಚುವರಿ ಸಮಯದವರೆಗೂ ಕಾದಾಡಿ 1–2ರಿಂದ ಸೋತು ಬಂತು. ಸೋತವರು ಇಳಿಯುತ್ತಿದ್ದದ್ದು ಎರಡನೇ ದರ್ಜೆಯ ಎಎಫ್‌ಸಿ ಕಪ್ಪಿಗೆ. ಅಲ್ಲಿ ಹದಿನಾರರ ಸುತ್ತಿನಲ್ಲಿ ಹಾಂಗ್‌ಕಾಂಗಿನ ಸೌತ್ ಚೈನಾ ಬೆಂಗಳೂರಿಗೇ ಬಂದು 2–0ರಿಂದ ಕಥೆ ಮುಗಿಸಿತು. ಆ ವರ್ಷ ಎಎಫ್‌ಸಿ ಕಪ್ ಎತ್ತಿದ್ದು ಅದೇ ಜೊಹೊರ್, ಆಗ್ನೇಯ ಏಷ್ಯಾದಿಂದ ಆ ಪಟ್ಟ ಗೆದ್ದ ಮೊದಲ ಕ್ಲಬ್ಬು. ಮೇ 31ರಂದು ಕಂಠೀರವದಲ್ಲಿ ಐ–ಲೀಗ್ ಪಟ್ಟವೂ ಕೈತಪ್ಪಿತ್ತು. ಇನ್ನೇನು ಗೆದ್ದೆವು ಎನ್ನುವಾಗ ಮೋಹನ್ ಬಾಗಾನ್ ಕೊನೆಗಳಿಗೆಯಲ್ಲಿ ಸಮಗೋಲು ಹೊಡೆದು ಪಟ್ಟವನ್ನು ಕೋಲ್ಕತ್ತಾಕ್ಕೆ ಒಯ್ದಿತು. ಅಂದು ಮಳೆ ಬೇರೆ.

2016ರ ಎಎಫ್‌ಸಿ ಕಪ್ಪಿಗೆ ಬೆಂಗಳೂರು ಮತ್ತೆ ಅರ್ಹವಾದದ್ದು ಹಿಂದಿನ ವರ್ಷ ಫೆಡರೇಷನ್ ಕಪ್ ಗೆದ್ದಿದ್ದರಿಂದ. ಗುಂಪಿನಲ್ಲಿ ಲಾವೋಸಿನ ಲಾವೊ ಟೊಯೊಟಾ, ಮ್ಯಾನ್ಮಾರಿನ ಅಯೆಯಾರ್ವಡಿ ಯುನೈಟೆಡ್, ಜೊತೆಗೆ ಮತ್ತದೇ ಜೊಹೊರ್. ಜೊಹೊರ್ ಬೆಂಗಳೂರಿನಲ್ಲಿ 1–0, ತನ್ನೂರಿನಲ್ಲಿ 3–0. ಲಾವೋಸಿನಲ್ಲೂ ಒಂದು ಸೋಲು. ಈ ತಂಡ ಫೈನಲ್ ಆಡುತ್ತದೆಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಉಳಿದ ಪಂದ್ಯ ಗೆದ್ದು ಎರಡನೇ ಸ್ಥಾನದಲ್ಲಿ ಹೇಗೋ ತೇಲಿತು. ಅದರ ನಡುವೆಯೇ ಏಪ್ರಿಲ್ 17ರಂದು ಸಾಲ್ಗಾಂವ್ಕರ್ ತಂಡವನ್ನು ಸೋಲಿಸಿ ಎರಡನೇ ಸಲ ಐ–ಲೀಗ್ ಕೂಡ ಗೆದ್ದಿತು. ಮೇ 25ರಂದು ಹಾಂಗ್‌ಕಾಂಗಿನ ಮಾಂಗ್‌ಕಾಕ್ ಅಂಗಳದಲ್ಲಿ ಕಿಚಿ ತಂಡವನ್ನು 3–2ರಿಂದ ಮಣಿಸಿದ್ದು ಈ ಯಾತ್ರೆಯ ಮೊದಲ ನಿಜವಾದ ತಿರುವು. ಹಿಂದಿನ ವರ್ಷ ಹಾಂಗ್‌ಕಾಂಗಿನವರು ಬೆಂಗಳೂರಿಗೆ ಬಂದು ಮಾಡಿದ್ದನ್ನು ಬೆಂಗಳೂರಿನವರು ಹಾಂಗ್‌ಕಾಂಗಿಗೆ ಹೋಗಿ ಬಡ್ಡಿಸಹಿತ ತೀರಿಸಿದರು.

ಎರಡನೇ ತಿರುವು ಮೈದಾನದ ಹೊರಗೆ ಬಂತು. ವೆಸ್ಟ್‌ವುಡ್ ಕ್ಲಬ್ ಬಿಟ್ಟ. ಮೂರು ವರ್ಷದಲ್ಲಿ ಎರಡು ಲೀಗು, ಒಂದು ಫೆಡರೇಷನ್ ಕಪ್ಪು ತಂದವನು ಕ್ವಾರ್ಟರ್ ಫೈನಲ್ ಎದುರಿಗಿರುವಾಗ ಹೊರಟುಹೋದ. ಜುಲೈನಲ್ಲಿ ಅವನ ಜಾಗಕ್ಕೆ ಬಂದವನು ಆಲ್ಬರ್ಟ್ ರೋಕಾ, ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್‌ಗೆ ಸಹಾಯಕನಾಗಿದ್ದವ, ಎಲ್ ಸಾಲ್ವಡಾರ್ ದೇಶದ ತಂಡಕ್ಕೂ ಪಾಠ ಹೇಳಿದ್ದವ. ವೆಸ್ಟ್‌ವುಡ್‌ನದು ಗಟ್ಟಿ ಆಟ: ಓಡು, ಒತ್ತು, ಮೇಲೆ ಬೀಳು. ರೋಕಾನದು ಚೆಂಡನ್ನು ಕಾಲಲ್ಲಿಟ್ಟುಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಎದುರಾಳಿಯನ್ನು ಬಳಲಿಸುವ ಸ್ಪೇನಿನ ರೀತಿ. ಎರಡು ತಿಂಗಳಲ್ಲಿ ಒಂದು ತಂಡಕ್ಕೆ ಹೊಸ ನಡಿಗೆ ಕಲಿಸುವುದು ಹುಡುಗಾಟವಲ್ಲ. ಫೈನಲ್ ತಲುಪಿದ ಶ್ರೇಯ ಇಬ್ಬರಲ್ಲಿ ಯಾರದು ಎಂದು ಬೆಂಗಳೂರಿನ ಅಭಿಮಾನಿಗಳು ಇಂದಿಗೂ ಜಗಳಾಡುತ್ತಾರೆ. ನನ್ನ ಲೆಕ್ಕದಲ್ಲಿ ಜಗಳಕ್ಕೇ ಅರ್ಥವಿಲ್ಲ. ರೋಕಾ ಮನೆ ಕಟ್ಟಿದ್ದು ವೆಸ್ಟ್‌ವುಡ್ ಹಾಕಿದ ಬುನಾದಿಯ ಮೇಲೆ. ಆದರೆ ಜೊಹೊರ್ ಎದುರು ಬರೀ ಬುನಾದಿ ಸಾಲುತ್ತಿರಲಿಲ್ಲ ಎನ್ನುವುದನ್ನು ಹಿಂದಿನ ಮೂರು ಸೋಲುಗಳೇ ತೋರಿಸಿದ್ದವು.

ಸೆಮಿಫೈನಲ್‌ನಲ್ಲಿ ಎದುರಾದದ್ದು ಜೊಹೊರ್ ಅಲ್ಲದೆ ಇನ್ಯಾರು? ನಾಲ್ಕನೇ ಭೇಟಿ, ಸೆಪ್ಟೆಂಬರ್ 28, ಅವರ ಲಾರ್ಕಿನ್ ಕ್ರೀಡಾಂಗಣದಲ್ಲಿ. ಮನೆಯವರೇ ಮೊದಲು ಗೋಲು ಹೊಡೆದರು. ಸ್ವಲ್ಪ ಹೊತ್ತಿನಲ್ಲೇ ಶಿಲ್ಲಾಂಗಿನ ಯೂಜೀನ್ಸನ್ ಲಿಂಗ್ಡೊ ಸಮಮಾಡಿದ. 1–1. ಜೊಹೊರ್ ನೆಲದಲ್ಲಿ ಬೆಂಗಳೂರು ಸೋಲದೆ ಹೊರಬಂದ ಮೊದಲ ರಾತ್ರಿ.

ಇನ್ನೊಂದು ಲೆಗ್ಗಿಗೆ ಮೂರು ವಾರ ಇತ್ತು, ಆ ಮೂರು ವಾರ ವಿಚಿತ್ರವಾಗಿದ್ದವು. ಅಕ್ಟೋಬರ್ 1ರಿಂದ ಇಂಡಿಯನ್ ಸೂಪರ್ ಲೀಗಿನ ಆರ್ಭಟ ಶುರುವಾಗಿತ್ತು. ಆಗ ದೇಶದಲ್ಲಿ ಎರಡು ಲೀಗು. ಅಧಿಕೃತವಾದದ್ದು ಐ–ಲೀಗು, ಹಣ ಮತ್ತು ಟಿವಿ ಇದ್ದದ್ದು ಐಎಸ್‌ಎಲ್‌ನಲ್ಲಿ. ಬೆಂಗಳೂರಿನ ಆಟಗಾರರೇ ಬೇರೆ ಬೇರೆ ಐಎಸ್‌ಎಲ್ ತಂಡಗಳಿಗೆ ಎರವಲು ಹೋಗಬೇಕಿದ್ದವರು. ಚೆಟ್ರಿ ಮುಂಬೈಗೆ, ವಿನೀತ್ ಮತ್ತು ರಿನೊ ಆಂಟೊ ಕೇರಳಕ್ಕೆ. ದೇಶವೆಲ್ಲ ಅಲ್ಲಿ ನೋಡುತ್ತಿದ್ದಾಗ ಇವರು ಬೆಂಗಳೂರಿನಲ್ಲೇ ಉಳಿದು ಒಂದು ಪಂದ್ಯಕ್ಕಾಗಿ ಕಾದರು. ಮನೆಯಲ್ಲಿ ಮದುವೆ ಗದ್ದಲ ನಡೆದಿರುವಾಗ ಅಟ್ಟದ ಮೇಲೆ ಕೂತು ಪರೀಕ್ಷೆಗೆ ಓದುವ ಹುಡುಗರ ಹಾಗೆ.

ಅಕ್ಟೋಬರ್ 19. ಕಂಠೀರವದ ಪಶ್ಚಿಮದ ಗ್ಯಾಲರಿ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿಗಳದು. ತೊಂಬತ್ತು ನಿಮಿಷವೂ ಕೂರದೆ ಹಾಡುವವರು. ಹನ್ನೊಂದನೇ ನಿಮಿಷಕ್ಕೆ ಅವರ ಗಂಟಲು ಕಟ್ಟಿತು. ಜೊಹೊರ್‌ನ ನಾಯಕ ಸಫೀಕ್ ರಹೀಂ ಗೋಲು ಹೊಡೆದಿದ್ದ. ಹಿಂದಿನ ಎರಡು ವರ್ಷದ ಕಥೆ ಮತ್ತೆ ಶುರುವಾಯಿತು ಎಂದುಕೊಂಡವರೇ ಹೆಚ್ಚು. ಆದರೆ ಈ ಸಲ ಬೆಂಗಳೂರು ಗಾಬರಿಯಾಗಲಿಲ್ಲ, ಉದ್ದುದ್ದ ಚೆಂಡು ಒದೆಯಲು ಹೋಗಲಿಲ್ಲ. ರೋಕಾ ಕಲಿಸಿದ್ದನ್ನೇ ಆಡುತ್ತ ಹೋಯಿತು. ವಿರಾಮಕ್ಕೆ ನಾಲ್ಕು ನಿಮಿಷ ಇರುವಾಗ ಚೆಟ್ರಿ ತಲೆಯಿಂದ ಸಮಗೋಲು. ವಿರಾಮದ ನಂತರ, ಸುಮಾರು ಮುಕ್ಕಾಲು ಭಾಗ ಆಟ ಮುಗಿದಿರುವಾಗ, ಅದೇ ಚೆಟ್ರಿ ಪೆನಾಲ್ಟಿ ಚೌಕದ ಹೊರಗಿನಿಂದ ಒಮ್ಮೆ ತಿರುಗಿ ಹೊಡೆದ ಚೆಂಡು ಗೋಲಿನ ಮೂಲೆ ಸೇರಿತು. ಅವನ ನೂರಾರು ಗೋಲುಗಳಲ್ಲಿ ಇದನ್ನು ಮೊದಲ ಐದರಲ್ಲಿ ಇಡದವರು ಆಟ ನೋಡಿದವರಲ್ಲ. 75ನೇ ನಿಮಿಷದಲ್ಲಿ ಸ್ಪೇನಿನ ಎತ್ತರದ ಡಿಫೆಂಡರ್ ಹುವಾನನ್ ತಲೆಯೊಡ್ಡಿ ಮೂರನೆಯದು. 3–1, ಒಟ್ಟು 4–2. ಹಾಲಿ ಚಾಂಪಿಯನ್ ಹೊರಗೆ.

ಏಷ್ಯಾದ ಕ್ಲಬ್ ಟೂರ್ನಿಯ ಫೈನಲ್ಲಿಗೆ ಭಾರತದ ಕ್ಲಬ್ಬೊಂದು ಹೋದದ್ದು ಅದೇ ಮೊದಲು. 2008ರಲ್ಲಿ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್ ಎಎಫ್‌ಸಿ ಕಪ್ಪಿನ ಸೆಮಿಫೈನಲ್‌ನಲ್ಲೇ ನಿಂತಿದ್ದವು. ಈಸ್ಟ್ ಬೆಂಗಾಲ್ 2003ರಲ್ಲಿ ಜಕಾರ್ತಾದಲ್ಲಿ ಆಸಿಯಾನ್ ಕ್ಲಬ್ ಕಪ್ ಗೆದ್ದದ್ದು ದೊಡ್ಡದೇ, ಆದರೆ ಅದು ಆಹ್ವಾನದ ಮೇಲೆ ಆಡಿದ ಬೇರೆ ಪಂದ್ಯಾವಳಿ.

ಇಲ್ಲೊಂದು ತಕರಾರು ಇದೆ, ಅದನ್ನು ಮುಚ್ಚಿಡಬಾರದು. ಎಎಫ್‌ಸಿ ಕಪ್ ಏಷ್ಯಾದ ದೊಡ್ಡವರ ಪಂದ್ಯಾವಳಿಯಾಗಿರಲಿಲ್ಲ. ಜಪಾನ್, ಕೊರಿಯಾ, ಸೌದಿ ಕ್ಲಬ್ಬುಗಳು ಆಡುತ್ತಿದ್ದದ್ದು ಚಾಂಪಿಯನ್ಸ್ ಲೀಗಿನಲ್ಲಿ. 2004ರಲ್ಲಿ ಎಎಫ್‌ಸಿ ಕಪ್ ಶುರುಮಾಡಿದ್ದೇ ಫುಟ್‌ಬಾಲಿನಲ್ಲಿ ಇನ್ನೂ ಬೆಳೆಯುತ್ತಿರುವ ದೇಶಗಳಿಗಾಗಿ. ಹಾಗಾಗಿ ಇದನ್ನು ಎರಡನೇ ದರ್ಜೆಯ ಸಾಧನೆ ಎಂದು ತಳ್ಳಿಹಾಕುವವರಿದ್ದಾರೆ. ಅವರಿಗೆ ನಾನು ಶಾಂತಸಾಗರದ ದ್ವೀಪಗಳನ್ನು ತೋರಿಸುತ್ತೇನೆ. ಓಷಿಯಾನಿಯಾದ ಕ್ಲಬ್ ಚಾಂಪಿಯನ್‌ಷಿಪ್ 1987ರಲ್ಲಿ ಶುರುವಾದಾಗಿನಿಂದ ಅದು ಆಸ್ಟ್ರೇಲಿಯಾದ ಮನೆಯ ಸ್ವತ್ತು. 2006ರಲ್ಲಿ ಆಸ್ಟ್ರೇಲಿಯಾ ಏಷ್ಯಾದ ಒಕ್ಕೂಟ ಸೇರಿದ ಮೇಲೆ ನ್ಯೂಜಿಲೆಂಡಿನ ಸ್ವತ್ತು. 2010ರಲ್ಲಿ ಪಾಪುವಾ ನ್ಯೂಗಿನಿಯ ಹೆಕಾರಿ ಯುನೈಟೆಡ್ ನ್ಯೂಜಿಲೆಂಡಿನ ವೈಟಕೆರೆ ಯುನೈಟೆಡ್ ತಂಡವನ್ನು ಎರಡು ಪಂದ್ಯಗಳಲ್ಲಿ ಒಟ್ಟು 4–2ರಿಂದ ಸೋಲಿಸಿತು, ಆ ಕಪ್ ಗೆದ್ದ ಮೊದಲ ದ್ವೀಪದ ಕ್ಲಬ್ಬಾಯಿತು. ಅಬುಧಾಬಿಯ ಕ್ಲಬ್ ವಿಶ್ವಕಪ್ಪಿಗೆ ಹೋಗಿ ಮೊದಲ ಪಂದ್ಯದಲ್ಲೇ 0–3ರಿಂದ ಸೋತು ಬಂತೆನ್ನುವುದು ನಿಜ. ಆದರೆ 2019ರಲ್ಲಿ ನ್ಯೂ ಕ್ಯಾಲಿಡೋನಿಯಾದ ಯೆಂಗೆನ್ ಸ್ಪೋರ್ಟ್ ಅದೇ ಕಪ್ ಎತ್ತಿದಾಗ ದಾರಿ ಹೊಸದಾಗಿರಲಿಲ್ಲ. ಸಣ್ಣವರ ಪಂದ್ಯಾವಳಿಯಲ್ಲಿ ಗೆಲ್ಲದವನು ದೊಡ್ಡವರ ಅಂಗಳದಲ್ಲಿ ಏನು ಮಾಡುತ್ತಾನೆ? ಹೋಬಳಿ ಮಟ್ಟದ ಕುಸ್ತಿ ಗೆಲ್ಲದೆ ಯಾರೂ ದಸರಾ ಕಣಕ್ಕೆ ಇಳಿದಿಲ್ಲ.

ಫೈನಲ್ ನಡೆದದ್ದು ನವೆಂಬರ್ 5ರ ಶನಿವಾರ, ಕತಾರಿನ ದೋಹಾದಲ್ಲಿ. ಎದುರಾಳಿ ಇರಾಕಿನ ಅಲ್ ಕುವಾ ಅಲ್ ಜವಿಯಾ, ಅಂದರೆ ವಾಯುಪಡೆಯ ಕ್ಲಬ್ಬು, 1931ರಲ್ಲಿ ಹುಟ್ಟಿದ್ದು. ಫೈನಲ್ ಅವರ ತವರಿನ ಪಂದ್ಯ, ಆದರೆ ಅವರಿಗೆ ತವರು ಇರಲಿಲ್ಲ. ಭದ್ರತೆಯ ಕಾರಣಕ್ಕೆ ಇರಾಕಿನಲ್ಲಿ ಇಂಥ ಪಂದ್ಯ ನಡೆಸುವಂತಿರಲಿಲ್ಲ, ಆ ಕ್ಲಬ್ಬು ದೋಹಾವನ್ನೇ ಮನೆ ಮಾಡಿಕೊಂಡು ಆಡುತ್ತಿತ್ತು. ಫೈನಲ್ಲಿಗೆ ಮೂರು ವಾರ ಮುಂಚೆಯಷ್ಟೇ ಮೊಸುಲ್ ನಗರವನ್ನು ಐಸಿಸ್ ಕೈಯಿಂದ ಬಿಡಿಸಿಕೊಳ್ಳುವ ಯುದ್ಧ ಶುರುವಾಗಿತ್ತು. ಹಿಂದೆ 2012 ಮತ್ತು 2014ರಲ್ಲಿ ಇರಾಕಿನ ಅರ್ಬಿಲ್ ಕ್ಲಬ್ ಫೈನಲ್ ತಲುಪಿ ಸೋತಿತ್ತು. ಇವರಿಗೆ ಈ ಕಪ್ ಎಷ್ಟು ಬೇಕಿತ್ತೆಂದು ಊಹಿಸಬಹುದು.

ಬೆಂಗಳೂರಿಗೆ ಆ ರಾತ್ರಿ ಮೊದಲ ಪೆಟ್ಟು ಆಟ ಶುರುವಾಗುವ ಮುಂಚೆಯೇ ಬಿದ್ದಿತ್ತು. ಗೋಲ್‌ಕೀಪರ್ ಅಮರಿಂದರ್ ಸಿಂಗ್ ಹಳದಿ ಕಾರ್ಡುಗಳ ಲೆಕ್ಕದಲ್ಲಿ ಫೈನಲ್ ಆಡುವಂತಿರಲಿಲ್ಲ. ಗೋಲಿಗೆ ನಿಂತವನು ಮಿಜೋರಾಮಿನ ಲಾಲ್ತುವಮ್ಮಾವಿಯ ರಾಲ್ತೆ. ಅವನು ಚೆನ್ನಾಗಿಯೇ ಆಡಿದ. ಮೊದಲಾರ್ಧದಲ್ಲಿ ಇರಾಕಿನವರು ಮೇಲಿಂದ ಮೇಲೆ ನುಗ್ಗಿ ಬಂದಾಗ ಬೆಂಗಳೂರನ್ನು ಉಳಿಸಿದ್ದು ಅವನ ಕೈಗಳೇ. ಗೋಲಿಲ್ಲದೆ ವಿರಾಮ. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹತ್ತಿರದಿಂದ ಚೆಂಡನ್ನು ಒಳತಳ್ಳಿದ. ಆ ಪಂದ್ಯಾವಳಿಯಲ್ಲಿ ಅವನ ಹದಿನಾರನೇ ಗೋಲು ಅದು. ಅಂಥವನನ್ನು ತೊಂಬತ್ತು ನಿಮಿಷವೂ ಕಟ್ಟಿಹಾಕುವುದು ಯಾರಿಗೂ ಸುಲಭವಿರಲಿಲ್ಲ. ಕೊನೆಯ ಇಪ್ಪತ್ತು ನಿಮಿಷ ಬೆಂಗಳೂರು ಹುಡುಕಾಡಿತು, ಸಿಗಲಿಲ್ಲ. 0–1.

ಸೋತವರನ್ನು ಬೆಂಗಳೂರು ಪ್ರೀತಿಯಿಂದ ಬರಮಾಡಿಕೊಂಡಿತು. ಚರ್ಚೆ ಇನ್ನಷ್ಟು ದಿನ ನಡೆಯುತ್ತಿತ್ತೇನೋ. ಆದರೆ ಮೂರನೇ ದಿನ, ನವೆಂಬರ್ 8ರ ರಾತ್ರಿ, 500 ಮತ್ತು 1000ದ ನೋಟುಗಳು ಹೋದವು. ಮುಂದಿನ ದಿನಗಳಲ್ಲಿ ದೇಶದಲ್ಲಿ ಇದ್ದದ್ದು ಒಂದೇ ಸಾಲು, ಬ್ಯಾಂಕಿನ ಮುಂದಿನದು. ನಮ್ಮ ಕಡೆ ಹತ್ತಿ, ಒಣಮೆಣಸಿನಕಾಯಿ ಹೊತ್ತು ಪೇಟೆಗೆ ಹೋದವರಿಗೆ ಕೊಡಲು ವ್ಯಾಪಾರಿಯ ಕೈಯಲ್ಲಿ ನೋಟಿಲ್ಲದ ದಿನಗಳು. ಸೆಮಿಫೈನಲ್ ತಲುಪಿಸಿದ ಗೆಲುವು ಕಾವೇರಿಯ ಬೆಂಕಿಯಲ್ಲಿ ಮರೆಯಾಗಿತ್ತು, ಫೈನಲ್ ನೋಟಿನ ಗದ್ದಲದಲ್ಲಿ ಮರೆಯಾಯಿತು.

ಬೆಂಗಳೂರು ಎಫ್‌ಸಿ ಅಲ್ಲಿಗೆ ನಿಲ್ಲಲಿಲ್ಲ. 2017ರ ಮೇನಲ್ಲಿ ಕಟಕ್‌ನಲ್ಲಿ ವಿನೀತ್‌ನ ಎರಡು ಗೋಲುಗಳಿಂದ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಫೆಡರೇಷನ್ ಕಪ್ ಗೆದ್ದಿತು. ಅದೇ ವರ್ಷ ಎಎಫ್‌ಸಿ ಕಪ್ಪಿನಲ್ಲಿ ಉತ್ತರ ಕೊರಿಯಾದ ಏಪ್ರಿಲ್ 25 ತಂಡವನ್ನು ಬೆಂಗಳೂರಿನಲ್ಲಿ 3–0ರಿಂದ ಸೋಲಿಸಿ, ಪ್ಯಾಂಗ್ಯಾಂಗಿಗೆ ಹೋಗಿ 0–0 ಆಡಿ ಬಂತು. ಕ್ಷಿಪಣಿ ಪರೀಕ್ಷೆಗಳ ಸುದ್ದಿಯ ನಡುವೆ ಆ ಪ್ರಯಾಣವೇ ಒಂದು ಪುಸ್ತಕಕ್ಕಾಗುವಷ್ಟಿದೆ. ಮುಂದಿನ ಸುತ್ತಿನಲ್ಲಿ ತಜಿಕಿಸ್ತಾನದ ಇಸ್ತಿಕ್ಲೋಲ್ ಒಟ್ಟು 3–2ರಿಂದ ತಡೆಯಿತು. ಆ ಹೊತ್ತಿಗೆ ಕ್ಲಬ್ಬು ಐ–ಲೀಗ್ ಬಿಟ್ಟು ಐಎಸ್‌ಎಲ್ ಸೇರಿಯಾಗಿತ್ತು, 2019ರ ಮಾರ್ಚ್ 17ರಂದು ಅದನ್ನೂ ಗೆದ್ದಿತು. ಅಲ್ ಕುವಾ ಅಲ್ ಜವಿಯಾ ಮಾತ್ರ ಎಎಫ್‌ಸಿ ಕಪ್ಪನ್ನು 2017, 2018ರಲ್ಲೂ ಬಿಟ್ಟುಕೊಡಲಿಲ್ಲ, ಸತತ ಮೂರು ವರ್ಷ. ಬೆಂಗಳೂರು ಸೋತದ್ದು ಸಾಮಾನ್ಯರಿಗಲ್ಲ ಎಂಬುದು ಆಗ ಗೊತ್ತಾಯಿತು.

ಇನ್ನೊಂದು ಪ್ರಶ್ನೆ ಕನ್ನಡಿಗರಿಂದಲೇ ಆಗಾಗ ಬರುತ್ತದೆ: ಅದು ಬೆಂಗಳೂರಿನ ತಂಡವೋ, ಬೆಂಗಳೂರಿನಲ್ಲಿದ್ದ ತಂಡವೋ? ನಾಯಕ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಉಳಿದವರಲ್ಲಿ ಹೆಚ್ಚಿನವರು ಮಿಜೋರಾಂ, ಮೇಘಾಲಯ, ಕೇರಳ, ಸ್ಪೇನ್, ಇಂಗ್ಲೆಂಡಿನವರು. ಆಸ್ಟಿನ್ ಟೌನಿನ ಓಣಿಯಿಂದ ಬಂದವರು ಬೆರಳೆಣಿಕೆ. ಪ್ರಶ್ನೆ ನ್ಯಾಯವಾದದ್ದೇ. ಅಥ್ಲೀಟುಗಳ ಓಟದ ಟ್ರ್ಯಾಕು ಸುತ್ತಿಕೊಂಡ ಕಂಠೀರವದಲ್ಲಿ ಇವರು ಆಡುವುದಕ್ಕೂ ಆಕ್ಷೇಪ ಎದ್ದಿತ್ತು. ಆದರೆ 1937ರ ಬೆಂಗಳೂರು ಮುಸ್ಲಿಮ್ಸ್ ತಂಡವನ್ನು ಬೆಳೆಸಿದ ಓಣಿಗಳೂ, ಎಚ್‌ಎಎಲ್ ಕೊಟ್ಟ ನೌಕರಿಗಳೂ ಆಟಗಾರರನ್ನು ಕೋಲ್ಕತ್ತಾಕ್ಕೆ ಕಳಿಸುತ್ತಿದ್ದವು, ಅಹ್ಮದ್ ಖಾನ್ ಹೋದ ಹಾಗೆ. ಬೇರೆ ರಾಜ್ಯದವರು ಬೆಂಗಳೂರಿಗೆ ಆಡಲು ಬರುವಂತಾದದ್ದು ಈ ಕ್ಲಬ್ಬಿನಿಂದ. ರಾಜ್ಯ ತಂಡದ ಬರ ಬೇರೆ ದಾರಿಯಲ್ಲಿ ನೀಗಿತು. 2023ರ ಮಾರ್ಚ್ 4ರಂದು ಸೌದಿಯ ರಿಯಾದಿನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು, 54 ವರ್ಷಗಳ ನಂತರ.

2018ರಲ್ಲಿ ಜೆಎಸ್‌ಡಬ್ಲ್ಯು ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ ದೊಡ್ಡ ಕ್ರೀಡಾ ಸಂಸ್ಥೆ ತೆರೆಯಿತು. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಯೂ ಅಲ್ಲಿದೆ. ಯರಗುಪ್ಪಿಯ ಹುಡುಗನೊಬ್ಬನಿಗೆ ಫುಟ್‌ಬಾಲಿನ ಹುಚ್ಚು ಹಿಡಿದರೆ ಬೆಂಗಳೂರಿಗಿಂತ ಅದು ಹತ್ತಿರ, ಹುಬ್ಬಳ್ಳಿಯಿಂದ ಒಂದೇ ರೈಲು. ಎರೆ ಹೊಲದವರು ಒಮ್ಮೆ ಹೋಗಿ ನೋಡಿ ಬರುವುದರಲ್ಲಿ ತಪ್ಪಿಲ್ಲ.

ಎಎಫ್‌ಸಿ ಕಪ್ ಎಂಬ ಹೆಸರು ಈಗಿಲ್ಲ. 2024ರಲ್ಲಿ ಅದು ಮುಗಿದು ಅದರ ಜಾಗಕ್ಕೆ ಚಾಂಪಿಯನ್ಸ್ ಲೀಗ್ ಟೂ ಬಂದಿದೆ. ಶುರುವಾದಾಗಿನಿಂದ ಮುಗಿಯುವವರೆಗೆ ಅದರ ಫೈನಲ್‌ಗಳ ಪಟ್ಟಿಯಲ್ಲಿ ಭಾರತದ ಕ್ಲಬ್ಬಿನ ಹೆಸರು ಬರುವುದು ಒಂದೇ ಸಾಲಿನಲ್ಲಿ, ದೋಹಾ, 5 ನವೆಂಬರ್ 2016.